ಯಂತ್ರದ ಕಣ್ಣು, ಪುಲಿಗೆರೆಯ ಮಾತು

೨೦೨೩ನೆಯ ಇಸವಿ ಆಗಸ್ಟ್ ೨೭. ನಾಲ್ಕೇ ದಿನಗಳ ಹಿಂದೆ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದಿದ್ದ ಚಂದ್ರಯಾನ-೩ರ ಆರು ಗಾಲಿಗಳ ಪುಟ್ಟ ಬಂಡಿ ‘ಪ್ರಜ್ಞಾನ್’ಗೆ ದೊಡ್ಡದೊಂದು ಕುಳಿ ಇದಿರಾಯಿತು. ಕುಳಿಯ ಅಗಲ ನಾಲ್ಕು ಮೀಟರ್. ಬಂಡಿಗೂ ಅದಕ್ಕೂ ನಡುವಣ ಅಂತರ ಮೂರು ಮೀಟರ್. ಇಪ್ಪತ್ತಾರು ಕಿಲೋಗ್ರಾಂ ತೂಕದ ಆ ಬಂಡಿ ಒಮ್ಮೆ ಉರುಳಿತೆಂದರೆ ಎತ್ತಿ ನಿಲ್ಲಿಸಲು ಅಲ್ಲಿ ಯಾರಿದ್ದಾರೆ? ಬಂದ ದಾರಿಯಲ್ಲಿಯೇ ಹಿಂದಿರುಗೆಂದು ಭೂಮಿಯಿಂದ ಆಜ್ಞೆ ಹೋಯಿತು. ಬಂಡಿ ಹಿಂದಿರುಗಿ ಬೇರೊಂದು ದಾರಿ ಹಿಡಿಯಿತು.

ಕುಳಿಯನ್ನು ಕಂಡವರು ಯಾರು? ಬಂಡಿಗೆ ಮುಂದಾರಿಯನ್ನು ನೋಡುವ ಜೋಡಿ ಕ್ಯಾಮರಾಗಳಿದ್ದವು. ಇಸ್ರೋ ಸಂಸ್ಥೆಯ ಬೆಂಗಳೂರಿನ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯದಲ್ಲಿ ಸಿದ್ಧವಾದವು ಅವು. ಅವು ತೆಗೆದ ಎರಡೆರಡು ಚಿತ್ರಗಳು ಭೂಮಿಗೆ ಬಂದು, ಇಲ್ಲಿಯ ಗಣಕಯಂತ್ರಗಳಲ್ಲಿ ಒಂದಕ್ಕೊಂದು ಹೊಂದಿಕೊಂಡು, ನೆಲದ ಏರು-ತಗ್ಗುಗಳ ನಕ್ಷೆಯಾಗುತ್ತಿದ್ದವು. ಆ ನಕ್ಷೆಯನ್ನು ನೋಡಿ, “ಇದು ಕುಳಿ, ಇದು ಬಂಡೆ, ಇಲ್ಲಿ ದಾರಿಯುಂಟು” ಎಂದು ತೀರ್ಮಾನಿಸುತ್ತಿದ್ದವರು ಮನುಷ್ಯರು. ಎಂದರೆ, ಬಂಡಿಗೆ ಆಳವನ್ನು ತೋರಿಸಬಲ್ಲ ಕಣ್ಣಿತ್ತು. ಆದರೆ ‘ಕುಳಿ’ ಎಂಬ ಶಬ್ದವೂ ಅದರೊಡನೆ ಬರುವ ಅಂಜಿಕೆಯೂ ಬೆಂಗಳೂರಿನಲ್ಲಿ ಕುಳಿತವರ ತಲೆಯಲ್ಲಿದ್ದವು. ಕಣ್ಣು ಚಂದ್ರನ ಮೇಲೆ, ಮಾತು ಭೂಮಿಯ ಮೇಲೆ!

ಈ ಎರಡನ್ನೂ ಒಂದೇ ಯಂತ್ರದ ಒಳಗೆ ಕೂಡಿಸುವ ಕೆಲಸ ಇಂದು ಜಗತ್ತಿನ ಅನೇಕ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಒಂದು ಕಡೆಯಿಂದ ಉದ್ದ, ಅಗಲ, ಆಳ ಮೂರನ್ನೂ ಬಲ್ಲ ದೃಷ್ಟಿ. ಇನ್ನೊಂದು ಕಡೆಯಿಂದ ಭಾಷಾಮಾದರಿ ಎಂದು ಕರೆಯಲಾಗುವ, ಮಾತನ್ನು ಹೊಂದಿಸಬಲ್ಲ ಗಣಕ ವ್ಯವಸ್ಥೆ. ಇವೆರಡೂ ಹಾಸುಹೊಕ್ಕಾದಾಗ ಮಾತ್ರ ಯಂತ್ರಮಾನವನಿಗೆ ತಾನು ನಿಂತಿರುವ ಜಗತ್ತು ಏನೆಂಬುದು ತಿಳಿದೀತು ಎಂಬುದು ವಿಜ್ಞಾನಿಗಳ ಎಣಿಕೆ.

ಆದರೆ ಈ ಎಣಿಕೆಯ ನಿಜವಾದ ಪರೀಕ್ಷೆ ಚಂದ್ರನ ಮೇಲೆ ನಡೆಯುವಂಥದಲ್ಲ. ಚಂದ್ರನ ನೆಲ ಎಷ್ಟು ನಿರ್ದಯವಾದರೂ ಅಲ್ಲಿ ಅಡ್ಡಾಡುವವರಿಲ್ಲ, ಇಟ್ಟ ವಸ್ತುವನ್ನು ಸರಿಸುವವರಿಲ್ಲ, “ಅದಲ್ಲ, ಇದು” ಎಂದು ಗದರಿಸುವವರಿಲ್ಲ. ಅದಕ್ಕಿಂತ ಎಷ್ಟೋ ಕಠಿನವಾದ ನೆಲ ಬೇಕಾದರೆ ಗದಗ ಜಿಲ್ಲೆಯ ಶಿಗ್ಲಿಗೆ ಹೋಗಬೇಕು.

ಶಿಗ್ಲಿ ಲಕ್ಷ್ಮೇಶ್ವರ ತಾಲೂಕಿನ ಊರು, ನೇಕಾರರ ಊರು. ಅಂಥ ಊರಿನ ಒಂದು ಕುಣಿಮಗ್ಗದ ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಪಡಸಾಲೆಯ ಅರ್ಧವನ್ನು ಮಗ್ಗವೇ ಆಕ್ರಮಿಸಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಕಾರ ಕೂಡುತ್ತಾನೆ. ಅವನ ಮುಂದೆ, ನೆಲಕ್ಕೆ ಒಂದೆರಡು ಗೇಣು ಎತ್ತರದಲ್ಲಿ, ಸಾವಿರಾರು ಎಳೆಗಳ ಹಾಸು ಬಿಗಿದು ಚಾಚಿಕೊಂಡಿದೆ. ಹಿಂದಿನ ಗೋಡೆಯಲ್ಲಿ ದೀಪವನ್ನೋ ಲಾಳಿಯನ್ನೋ ಇಡುವ ಮಾಡ. ಆ ಸೀಮೆಯವರು ಗೋಡೆಯ ಗೂಡಿಗೆ ಹೇಳುವ ಮಾತು ಇದು. ಮೇಲೆ ಜಂತಿಯಿಂದ ಇಳಿಬಿದ್ದ ನೆಲುವು. ಒಂದು ಮೂಲೆಯಲ್ಲಿ ಥಳಥಳಿಸುವ ಕೊಡ, ಇನ್ನೊಂದು ಮೂಲೆಯಲ್ಲಿ ಅಂಬೆಗಾಲಿಡುವ ಕೂಸು. ಇಂಥ ಮನೆಗೆ ಯಂತ್ರಮಾನವನೊಬ್ಬ ಬಂದು ನಿಂತಿದ್ದಾನೆಂದು ಊಹಿಸಿಕೊಂಡರೆ, ಕಣ್ಣು ಮಂಜಾದ ಮನೆಯ ಅಜ್ಜಿ ಅವನಿಗೆ ಹೇಳಬಹುದಾದ ಮಾತು ಇಂತಿದ್ದೀತು:

“ತಮ್ಮಾ, ಮಗ್ಗದ ಹಿಂದಿನ ಮಾಡದಾಗ ಕೆಂಪು ಕಂಡಿಕಿ ಹಾಕಿದ ಲಾಳಿ ಐತಿ, ತಗೊಂಡು ಬಾ. ಹಾಸಿಗೆ ಕಾಲು ತಾಗಸಬ್ಯಾಡ, ಹುಷಾರಿ!”

ನಾಲ್ಕು ವರ್ಷದ ಮೊಮ್ಮಗಳಿಗೆ ಇದು ಸಾಕು. ಯಂತ್ರಕ್ಕೆ? ಮೊದಲು ಅದರ ಕಣ್ಣಿನ ವಿಚಾರ ನೋಡೋಣ.

ಚುಕ್ಕಿ ಇಟ್ಟ ರಂಗೋಲಿ

ಆಳವನ್ನು ಅಳೆಯುವ ಅತ್ಯಂತ ಹಳೆಯ ಉಪಾಯ ನಮ್ಮ ಮುಖದಲ್ಲಿಯೇ ಇದೆ. ಹೆಬ್ಬೆರಳನ್ನು ಮುಂದೆ ಹಿಡಿದು ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುವುದು; ದೂರದ ಗೋಡೆ ಮಾತ್ರ ಬಹುಮಟ್ಟಿಗೆ ಇದ್ದಲ್ಲಿಯೇ ಇರುವುದು. ಹತ್ತಿರದ ವಸ್ತು ಹೆಚ್ಚು ಜಿಗಿಯುತ್ತದೆ, ದೂರದ ವಸ್ತು ಕಡಿಮೆ. ಈ ಜಿಗಿತದ ಅಳತೆಯಿಂದಲೇ ಮಿದುಳು ದೂರವನ್ನು ಲೆಕ್ಕ ಹಾಕುತ್ತದೆ. ಒಂದೇ ಕಣ್ಣಿನಿಂದ ಸೂಜಿಗೆ ದಾರ ಪೋಣಿಸಲು ಹೊರಟವರಿಗೆ ಎರಡನೆಯ ಕಣ್ಣಿನ ಬೆಲೆ ಕೂಡಲೆ ತಿಳಿಯುವುದು. ಪ್ರಜ್ಞಾನ್ ಬಂಡಿಯ ಜೋಡಿ ಕ್ಯಾಮರಾಗಳ ತತ್ತ್ವವೂ ಇದೇ.

ಇನ್ನೊಂದು ಉಪಾಯ ಬೆಳಕನ್ನೇ ಅಳತೆಗೋಲು ಮಾಡಿಕೊಳ್ಳುವುದು. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಹೋಗುವುದಷ್ಟೆ. ಯಂತ್ರವು ಬೆಳಕಿನ ಒಂದು ಚಿಕ್ಕ ಮಿಡಿತವನ್ನು ಎಸೆದು, ಅದು ವಸ್ತುವಿಗೆ ತಾಗಿ ಮರಳಿ ಬರುವ ಕಾಲವನ್ನು ಅಳೆಯುತ್ತದೆ. ಮೂರು ಮೀಟರ್ ದೂರದ ಗೋಡೆಯಾದರೆ, ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದಾಗ ಅದರ ಇಪ್ಪತ್ತು ಪಾಲಿನಲ್ಲಿ ಬೆಳಕು ಹೋಗಿ ಬಂದಿರುತ್ತದೆ. ಇಷ್ಟು ಸೂಕ್ಷ್ಮ ಕಾಲವನ್ನು ಅಳೆಯುವ ಉಪಕರಣ ಒಂದು ಕಾಲಕ್ಕೆ ಬಲು ದುಬಾರಿ. ಈಗ ಕೆಲವು ಕೈದೂರವಾಣಿಗಳಲ್ಲಿಯೂ ಸಿಕ್ಕುತ್ತದೆ. ಮೂರನೆಯ ಬಗೆಯೊಂದು ಆಟಿಕೆಯಾಗಿ ಮನೆಗಳಿಗೆ ಬಂದಿತು: ೨೦೧೦ರ ನವೆಂಬರಿನಲ್ಲಿ ಮೈಕ್ರೊಸಾಫ್ಟ್ ಕಂಪನಿ ಮಾರಾಟಕ್ಕಿಟ್ಟ ‘ಕೈನೆಕ್ಟ್’. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚುಕ್ಕೆಗಳನ್ನು ಕೋಣೆಯ ತುಂಬ ಎರಚಿ, ಅವು ಎಲ್ಲೆಲ್ಲಿ ಹೇಗೆ ಸ್ಥಾನ ಪಲ್ಲಟಿಸಿವೆಯೆಂದು ನೋಡಿ ಅದು ಆಳವನ್ನು ಕಂಡುಕೊಳ್ಳುತ್ತಿತ್ತು. ಮಕ್ಕಳು ಅದರ ಮುಂದೆ ಕುಣಿದರು. ಸಂಶೋಧಕರು ಅದನ್ನು ಬಿಚ್ಚಿ ಯಂತ್ರಮಾನವನ ತಲೆಗೆ ಕಟ್ಟಿದರು. ವಿಜ್ಞಾನದ ಇತಿಹಾಸದಲ್ಲಿ ಆಟಿಕೆಗಳು ಮಾಡಿದ ಉಪಕಾರವನ್ನೇ ಕುರಿತು ಬೇರೊಂದು ಲೇಖನ ಬರೆಯಬಹುದು.

ಯಾವ ಉಪಾಯ ಹಿಡಿದರೂ ಕಡೆಗೆ ಯಂತ್ರಕ್ಕೆ ದೊರಕುವುದು ಲಕ್ಷಾಂತರ ಚುಕ್ಕೆಗಳು. ಪ್ರತಿಯೊಂದು ಚುಕ್ಕೆಗೂ ಮೂರು ಅಂಕಿಗಳು: ಎಷ್ಟು ಬಲಕ್ಕೆ, ಎಷ್ಟು ಮೇಲಕ್ಕೆ, ಎಷ್ಟು ದೂರಕ್ಕೆ. ನಸುಕಿನಲ್ಲಿ ಮನೆಯ ಮುಂದೆ ಚುಕ್ಕಿ ಇಟ್ಟು ಮುಗಿಸಿ, ಎಳೆ ಎಳೆಯುವ ಮೊದಲೇ ಗೃಹಿಣಿ ಒಳಗೆ ಹೋಗಿಬಿಟ್ಟರೆ ಅಂಗಳ ಹೇಗಿರುವುದೋ ಯಂತ್ರ ಕಾಣುವ ಜಗತ್ತು ಹಾಗಿರುವುದು. ಯಾವ ಚುಕ್ಕೆಯನ್ನು ಯಾವುದಕ್ಕೆ ಸೇರಿಸಿದರೆ ಲಾಳಿ, ಯಾವುದಕ್ಕೆ ಸೇರಿಸಿದರೆ ಗೋಡೆ? ಚುಕ್ಕೆಗಳು ಬಾಯಿಬಿಡುವುದಿಲ್ಲ.

ಅದೂ ಅಲ್ಲದೆ, ಈ ಕಣ್ಣಿಗೆ ತನ್ನದೇ ಆದ ಕುರುಡುಗಳುಂಟು. ಗಾಜಿನ ಲೋಟದ ಮೂಲಕ ಬೆಳಕು ಹಾದುಹೋಗುವುದು. ಯಂತ್ರಕ್ಕೆ ಲೋಟವೇ ಇಲ್ಲ. ಥಳಥಳಿಸುವ ಕೊಡ ಬೆಳಕನ್ನು ಬೇರೆಲ್ಲಿಗೋ ಎಸೆಯುವುದು. ಯಂತ್ರಕ್ಕೆ ಕೊಡವಿರುವಲ್ಲಿ ತೂತು ಕಾಣುವುದು. ಎಲ್ಲಕ್ಕಿಂತ ಕಷ್ಟ ತೆಳ್ಳನೆಯ ವಸ್ತು. ಶಿಗ್ಲಿಯ ಪಡಸಾಲೆಯಲ್ಲಿ ಸಾವಿರಾರು ತೆಳ್ಳನೆಯ ಎಳೆಗಳನ್ನೇ ಚಾಚಿಟ್ಟಿದೆ. ಒಂದು ತಪ್ಪು ಹೆಜ್ಜೆಗೆ ಎಷ್ಟೋ ದಿನಗಳ ದುಡಿಮೆ ಹರಿದುಹೋದೀತು.

ಮಾತು ಬಲ್ಲದ್ದು, ಬಲ್ಲದಿರುವುದು

ಇನ್ನು ಮಾತಿನ ಕಡೆಗೆ. “ಕೈ ಕೆಸರಾದರೆ” ಎಂದು ಯಾರಾದರೂ ತಡೆದರೆ, ಕೇಳಿದ ಕನ್ನಡಿಗರೆಲ್ಲ “ಬಾಯಿ ಮೊಸರು” ಎಂದು ಮುಗಿಸುವರು. ಮುಂದಿನ ಪದ ಯಾವುದಿರಬಹುದೆಂದು ಊಹಿಸುವ ಈ ಚಳಕವನ್ನೇ ಊಹಾತೀತವಾದ ಪ್ರಮಾಣಕ್ಕೆ ಹಿಗ್ಗಿಸಿದರೆ ಭಾಷಾಮಾದರಿಯಾಗುತ್ತದೆ. ಕೋಟ್ಯಂತರ ಪುಟಗಳನ್ನು ಓದಿಸಿ, ಯಾವ ಪದದ ನೆರೆಯಲ್ಲಿ ಯಾವ ಪದ ವಾಸಿಸುತ್ತದೆಯೆಂಬುದನ್ನು ಅಂಕಿಗಳಾಗಿ ಅದರೊಳಗೆ ತುಂಬಿರುತ್ತಾರೆ. ಲಾಳಿಯೆಂದರೆ ಮಗ್ಗಕ್ಕೆ ಸೇರಿದ್ದು, ಅದನ್ನು ಕೈಯಲ್ಲಿ ಹಿಡಿಯಬಹುದು, ಅದರಲ್ಲಿ ನೂಲಿರುತ್ತದೆ ಎಂಬುದೆಲ್ಲ ಅದಕ್ಕೆ ಗೊತ್ತು. ಆದರೆ ಈ ಮನೆಯಲ್ಲಿ, ಈ ಹೊತ್ತಿನಲ್ಲಿ, ಆ ಲಾಳಿ ಎಲ್ಲಿದೆಯೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅಡಿಗೆಯ ಗ್ರಂಥಗಳನ್ನೆಲ್ಲ ಬಾಯಿಪಾಠ ಮಾಡಿ, ಒಲೆಯನ್ನೇ ನೋಡದ ಪಂಡಿತನ ಸ್ಥಿತಿ ಅದರದು.

ಮಾತೂ ಕಣ್ಣೂ ಬೇರೆ ಬೇರೆಯಾಗಿ ಬೆಳೆದುದಕ್ಕೆ ಹಳೆಯ ಇತಿಹಾಸವೇ ಇದೆ. ೧೯೬೬ರಿಂದ ೧೯೭೨ರವರೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ‘ಷೇಕಿ’ ಎಂಬ ಗಾಲಿಯ ಯಂತ್ರವೊಂದನ್ನು ಬೆಳೆಸಿದರು. ನಡೆಯುವಾಗ ನಡುಗುತ್ತಿದ್ದುದರಿಂದ ಆ ಹೆಸರು. ಅದಕ್ಕೆ ಟೆಲಿವಿಷನ್ ಕ್ಯಾಮರಾ ಇತ್ತು, ದೂರವನ್ನು ಅಳೆಯುವ ಸಾಧನವಿತ್ತು. ಅದರ ಜಗತ್ತೆಂದರೆ ಕೆಲವು ಕೋಣೆಗಳು ಮತ್ತು ಬಣ್ಣ ಬಳಿದ ದಿಮ್ಮಿಗಳು. ಅದೇ ಕಾಲದಲ್ಲಿ ಎಂ. ಐ. ಟಿ.ಯಲ್ಲಿ ಟೆರಿ ವಿನೋಗ್ರಾಡ್ ಎಂಬ ತರುಣ ‘ಶ್ರಡ್ಲೂ’ ಎಂಬ ಗಣಕಕ್ರಮವನ್ನು ರಚಿಸಿದ. ಕೆಂಪು ದಿಮ್ಮಿಯನ್ನೆತ್ತು, ಅದರ ಮೇಲೆ ಹಸಿರುದನ್ನಿಡು ಎಂದರೆ ಅದು ಅರ್ಥ ಮಾಡಿಕೊಳ್ಳುತ್ತಿತ್ತು. ಏಕೆ ಹಾಗೆ ಮಾಡಿದೆಯೆಂದರೆ ಉತ್ತರವನ್ನೂ ಕೊಡುತ್ತಿತ್ತು. ನೋಡಿದವರು ಬೆರಗಾದರು. ಆದರೆ ಆ ದಿಮ್ಮಿಗಳೂ ಅವನ್ನು ಎತ್ತುವ ಕೈಯೂ ಗಣಕದೊಳಗಿನ ಕಲ್ಪನೆ ಮಾತ್ರ. ಷೇಕಿಗೆ ಕಣ್ಣಿತ್ತು, ಮಾತು ಅಲ್ಪ. ಶ್ರಡ್ಲೂವಿಗೆ ಮಾತಿತ್ತು, ಕಣ್ಣೇ ಇಲ್ಲ. ಇಬ್ಬರೂ ಒಂದೇ ದೇಶದಲ್ಲಿ ಒಂದೇ ಕಾಲದಲ್ಲಿದ್ದೂ ಕೈಹಿಡಿಯಲು ಅರ್ಧ ಶತಮಾನ ಬೇಕಾಯಿತು.

ಕೈಹಿಡಿಸಿದ ಸಂಗತಿ ನೋಡಹೊರಟರೆ ಬಲು ಸಾಮಾನ್ಯವಾದದ್ದು: ಚಿತ್ರದ ಕೆಳಗಿನ ಅಡಿಬರಹ. ವಾರಪತ್ರಿಕೆಯ ಪುಟದಲ್ಲಿ ಚಿತ್ರವೊಂದು, ಅದರ ಕೆಳಗೆ ಎರಡು ಸಾಲು. ಇಂಥ ಚಿತ್ರ-ಅಡಿಬರಹಗಳ ನಲವತ್ತು ಕೋಟಿ ಜೋಡಿಗಳನ್ನು ಅಂತರ್ಜಾಲದಿಂದ ಒಟ್ಟುಗೂಡಿಸಿ, ಯಾವ ಬರಹ ಯಾವ ಚಿತ್ರದ್ದೆಂದು ಜೋಡಿಸುವ ಆಟವನ್ನು ಗಣಕಕ್ಕೆ ಮತ್ತೆ ಮತ್ತೆ ಆಡಿಸಿದರು. ೨೦೨೧ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆ ಪ್ರಕಟಿಸಿದ ‘ಕ್ಲಿಪ್’ ಎಂಬ ಮಾದರಿ ಹೀಗೆ ಹುಟ್ಟಿತು. ಈ ಆಟದಲ್ಲಿ ಪಳಗಿದ ಮೇಲೆ ಬೆಕ್ಕಿನ ಚಿತ್ರವೂ ‘ಬೆಕ್ಕು’ ಎಂಬ ಅರ್ಥದ ಪದವೂ ಅದರ ಅಂಕಿಗಳ ಜಗತ್ತಿನಲ್ಲಿ ನೆರೆಹೊರೆಯಾದವು.

ಇದರ ಮೇಲೆ ಆಳವನ್ನು ಕೂಡಿಸುವುದು ಮುಂದಿನ ಹೆಜ್ಜೆ. ೨೦೨೩ರಲ್ಲಿ ಟೊರಾಂಟೊ, ಮಾಂಟ್ರಿಯಲ್, ಎಂ. ಐ. ಟಿ. ಮೊದಲಾದೆಡೆಯ ಸಂಶೋಧಕರು ಸೇರಿ ‘ಕಾನ್ಸೆಪ್ಟ್‌ಗ್ರಾಫ್ಸ್’ ಎಂಬ ವಿಧಾನವನ್ನು ಮುಂದಿಟ್ಟರು. ಅದರ ನಡೆಯನ್ನು ಶಿಗ್ಲಿಯ ಪಡಸಾಲೆಗೆ ಅನ್ವಯಿಸಿ ನೋಡಿದರೆ ವಿಷಯ ತಿಳಿಯಾಗುವುದು. ಯಂತ್ರವು ಮನೆಯೊಳಗೆ ಅಡ್ಡಾಡುತ್ತ, ಬಣ್ಣವನ್ನೂ ಆಳವನ್ನೂ ಹಿಡಿಯುವ ಕ್ಯಾಮರಾದಿಂದ ಚಿತ್ರಗಳನ್ನು ತೆಗೆಯುತ್ತದೆ. ಪ್ರತಿ ಚಿತ್ರದಲ್ಲಿಯೂ ಇದು ಒಂದು ವಸ್ತು, ಇದು ಇನ್ನೊಂದು ಎಂದು ಅಂಚುಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡಿಗೆ ಕ್ಲಿಪ್‌ನಂಥ ಮಾದರಿಯಿಂದ ಅರ್ಥದ ಅಂಕಿಗಳನ್ನು ಪಡೆಯುತ್ತದೆ. ಆ ಅರ್ಥವನ್ನು ಚುಕ್ಕೆಗಳ ಜಗತ್ತಿನಲ್ಲಿ ಅದರ ನಿಜವಾದ ಜಾಗದಲ್ಲಿ ಕೂಡಿಸುತ್ತದೆ. ಬಾಗಿಲಿಂದ ಕಂಡ ಕೊಡ, ಕಿಟಕಿಯಿಂದ ಕಂಡ ಕೊಡ ಎರಡೂ ಒಂದೇ ಜಾಗದಲ್ಲಿ ಬಿದ್ದರೆ ಅದು ಒಂದೇ ಕೊಡ. ಕೊನೆಗೆ ಭಾಷಾಮಾದರಿ ಈ ವಸ್ತುಗಳ ಪಟ್ಟಿಯನ್ನೂ ಜಾಗವನ್ನೂ ನೋಡಿ, ಇದು ಅದರ ಮೇಲಿದೆ, ಅದು ಇದರೊಳಗಿದೆ ಎಂದು ಸಂಬಂಧಗಳನ್ನು ಬರೆಯುತ್ತದೆ. ರಂಗೋಲಿಯ ಚುಕ್ಕೆಗಳಿಗೆ ಎಳೆ ಬೀಳುವುದು ಈಗ! ಹೀಗಾದಮೇಲೆ ಹೆಸರು ಹಿಡಿದೇ ಕೇಳಬೇಕೆಂಬುದಿಲ್ಲ. ‘ನೂಲು ತುಂಬಿದ, ಕೈಗೆ ಹಿಡಿಯುವ ಮರದ ಸಾಮಾನು’ ಎಂದರೂ ಹುಡುಕಬಹುದು.

ಜಾಗ ತಿಳಿದರಾಗಲಿಲ್ಲ, ಕೈ ಅಲ್ಲಿಗೆ ಹೋಗಬೇಕು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದ ‘ವಾಕ್ಸ್‌ಪೋಸರ್’ ಎಂಬ ಪ್ರಯೋಗ ಇಲ್ಲಿ ಸ್ಮರಣೀಯ. ಮೇಲಿನ ಖಾನೆಯನ್ನು ಎಳೆ, ಆದರೆ ಹೂದಾನಿ ಜೋಪಾನ ಎಂಬಂಥ ಮಾತನ್ನು ಅದಕ್ಕೆ ಕೊಟ್ಟರೆ, ಭಾಷಾಮಾದರಿಯು ಕೋಣೆಯ ಬಯಲನ್ನೇ ಗುರುತಿಸುವ ಗಣಕಕ್ರಮವನ್ನು ಬರೆಯುತ್ತದೆ. ಖಾನೆಯ ಹಿಡಿಯ ಸುತ್ತಲಿನ ಜಾಗ ಕೈಯನ್ನು ಸೆಳೆಯುವಂತೆ, ಹೂದಾನಿಯ ಸುತ್ತಲಿನ ಜಾಗ ಕೈಯನ್ನು ದೂಡುವಂತೆ ಅದು ಬೆಲೆ ಕಟ್ಟುತ್ತದೆ. ‘ಜೋಪಾನ’ ಎಂಬ ಒಂದು ಪದ ಗಾಳಿಯಲ್ಲಿ ಒಂದು ಆಕಾರವಾಗಿ ನಿಲ್ಲುತ್ತದೆ. ಅಜ್ಜಿಯ “ಹುಷಾರಿ”ಯೂ ಹೀಗೆಯೇ ಮಗ್ಗದ ಹಾಸಿನ ಸುತ್ತ ಒಂದು ಅದೃಶ್ಯವಾದ ಬೇಲಿಯಾಗಬಲ್ಲದು. ಈ ಕ್ಷೇತ್ರದಲ್ಲಿ ಇದುವರೆಗೆ ನಡೆದ ಕೆಲಸಗಳಲ್ಲಿ ಇಷ್ಟು ಸುಂದರವಾದ ಕಲ್ಪನೆ ಬಹುಶಃ ಇನ್ನೊಂದಿಲ್ಲ.

ಫಲಿತಾಂಶಗಳೇನೂ ಕಡೆಗಣಿಸುವಂಥವಲ್ಲ. ೨೦೨೨ರಲ್ಲಿ ಗೂಗಲ್ ಸಂಸ್ಥೆಯ ‘ಸೇಕ್ಯಾನ್’ ಎಂಬ ಪ್ರಯೋಗದಲ್ಲಿ ಭಾಷಾಮಾದರಿ ಏನು ಮಾಡಿದರೆ ಉಪಯೋಗ ಎಂದು ಹೇಳುತ್ತಿತ್ತು, ಯಂತ್ರದ ಅನುಭವ ಏನು ಮಾಡಲು ಸಾಧ್ಯ ಎಂದು ಹೇಳುತ್ತಿತ್ತು. ಎರಡೂ ಒಪ್ಪಿದ್ದನ್ನು ಯಂತ್ರ ಮಾಡುತ್ತಿತ್ತು. ಪಾನೀಯ ಚೆಲ್ಲಿದೆ ಎಂದರೆ ಒರೆಸುವ ಸ್ಪಂಜನ್ನು ಹುಡುಕಿ ತರುವಂಥ ೧೦೧ ಕೆಲಸಗಳಲ್ಲಿ, ಅಣಕು ಅಡಿಗೆಮನೆಯೊಂದರಲ್ಲಿ, ನೂರಕ್ಕೆ ೮೪ರಷ್ಟು ಸಲ ಯೋಜನೆ ಸರಿಯಾಗಿತ್ತು. ಕೈಗೂಡಿದ್ದು ನೂರಕ್ಕೆ ೭೪. ಯೋಚನೆಗೂ ಕೈಗೂ ನಡುವೆ ಹತ್ತು ಅಂಕಗಳ ಕಂದಕ! ಮನುಷ್ಯರಲ್ಲಿ ಇದು ಇನ್ನೂ ಹೆಚ್ಚೆಂದು ಕೆಲವರು ಹೇಳಿಯಾರು. ಆದರೆ ನಾಲ್ಕರಲ್ಲಿ ಒಂದು ಸಲ ತಪ್ಪುವ ಸೇವಕನನ್ನು ಕೂಸಿರುವ ಮನೆಯೊಳಗೆ ಬಿಟ್ಟುಕೊಳ್ಳಲು ಯಾವ ತಾಯಿಯೂ ಒಪ್ಪಲಾರಳು.

ಎಲ್ಲರೂ ಈ ದಾರಿಯನ್ನೇ ಹಿಡಿದಿದ್ದಾರೆಂದೂ ಅಲ್ಲ. ಬೆಂಗಳೂರಿನಲ್ಲಿ ಗೋಕುಲ್ ಎನ್. ಎ. ಮತ್ತು ನಿಖಿಲ್ ರಾಮಸ್ವಾಮಿ ಅವರು ೨೦೧೯ರಲ್ಲಿ ಸ್ಥಾಪಿಸಿದ ‘ಸಿನ್‌ಲರ್’ ಎಂಬ ಕಂಪನಿಯವರ ವಾದ ಬೇರೆ. ಕೂಸು ಹೆಸರು ಕಲಿತು ಅನಂತರ ವಸ್ತುವನ್ನು ಹಿಡಿಯುವುದಿಲ್ಲ. ಹಿಡಿದು, ತಿರುಗಿಸಿ ಅರಿಯುತ್ತದೆ. ಆದುದರಿಂದ ಯಂತ್ರವೂ ತಾನೆಂದೂ ಕಾಣದ ವಸ್ತುವನ್ನು ಕಣ್ಣು-ಕೈಗಳ ಕೂಟದಿಂದಲೇ ಎತ್ತಲು ಕಲಿಯಬೇಕೆಂಬುದು ಅವರ ನಿಲುವು. ಕಾರ್ಖಾನೆಯ ಬಿಡಿಭಾಗಗಳ ರಾಶಿಯ ಮುಂದೆ ಈ ನಿಲುವಿಗೆ ಬಲವಿದೆ. ಆದರೆ ಮನೆಯಲ್ಲಿ ಯಾವುದನ್ನು ಎತ್ತಬೇಕೆಂದು ಹೇಳುವವರು ಮನುಷ್ಯರು, ಹೇಳುವುದು ಮಾತಿನಲ್ಲಿ. ಅಲ್ಲಿ ಹೆಸರಿಲ್ಲದೆ ಗತಿಯಿಲ್ಲ.

‘ಮೇಲೆ’ ಎಂದರೆ ಎಲ್ಲಿ?

ಹೆಸರು ಎಂದೊಡನೆ ನಮ್ಮ ಕಷ್ಟ ಮೊದಲಾಗುತ್ತದೆ. ಆ ನಲವತ್ತು ಕೋಟಿ ಅಡಿಬರಹಗಳು ಇಂಗ್ಲಿಷಿನವು. ಕಪ್ಪು, ಸಾಸರು, ಸೋಫಾಗಳ ಮನೆಯನ್ನು ಯಂತ್ರ ಚೆನ್ನಾಗಿ ಬಲ್ಲದು. ಮಾಡ, ನೆಲುವು, ಕಂಡಿಕೆಗಳ ಮನೆಯನ್ನು ಅಷ್ಟಾಗಿ ಅರಿಯದು. ಕನ್ನಡವನ್ನು ಇಂಗ್ಲಿಷಿಗೆ ಅನುವಾದಿಸಿ ಯಂತ್ರಕ್ಕೆ ಕೊಟ್ಟರಾಯಿತು ಎಂದು ಹೇಳುವವರುಂಟು. ಹೇಳಿದಷ್ಟು ಸುಲಭವಲ್ಲ ಅದು. ಅಜ್ಜಿಯ ಮಾತನ್ನೇ ಇನ್ನೊಮ್ಮೆ ನೋಡಬಹುದು: “ಹಾಸಿಗೆ ಕಾಲು ತಾಗಸಬ್ಯಾಡ.” ಮಗ್ಗದ ‘ಹಾಸು’ ಚತುರ್ಥೀ ವಿಭಕ್ತಿಯಲ್ಲಿ ‘ಹಾಸಿಗೆ’ ಆಗುತ್ತದೆ, ಮಲಗುವ ಹಾಸಿಗೆಯೂ ‘ಹಾಸಿಗೆ’ಯೇ. ಕನ್ನಡದ ಬರಹಗಳಲ್ಲಿ ಮಲಗುವ ಹಾಸಿಗೆ ಮಗ್ಗದ ಹಾಸಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಬರುವುದರಿಂದ, ಬರಿಯ ಮಾತನ್ನು ಬಲ್ಲ ಯಂತ್ರ ಹಾಸಿಗೆಯನ್ನು ದಾಟಿ, ಹಾಸನ್ನು ತುಳಿದು, ಆಜ್ಞೆಯನ್ನು ಶಿರಸಾವಹಿಸಿದ ತೃಪ್ತಿಯಿಂದ ನಿಂತೀತು. ಕಣ್ಣುಳ್ಳ ಯಂತ್ರಕ್ಕಾದರೆ, ಈ ಪಡಸಾಲೆಯಲ್ಲಿ ಹಾಸಿಗೆಯೇ ಇಲ್ಲ, ದಾರಿಗಡ್ಡವಾಗಿ ಎಳೆಗಳ ಹರಹೊಂದಿದೆ ಎಂಬುದು ಕಂಡು, ಅರ್ಥ ತಾನಾಗಿ ತಿರುಗಬೇಕು. ಕಣ್ಣು ವ್ಯಾಕರಣವನ್ನು ತಿದ್ದುವ ಜಾಗ ಇದು.

ಇನ್ನೊಂದು ಉದಾಹರಣೆ ‘ಮೇಲೆ’. ಪುಸ್ತಕ ಮೇಜಿನ ಮೇಲಿದೆ. ದೀಪ ಮೇಜಿನ ಮೇಲೆ ತೂಗುತ್ತಿದೆ. ಮೊದಲನೆಯದು ಮೇಜನ್ನು ಮುಟ್ಟಿದೆ, ಎರಡನೆಯದು ಮುಟ್ಟಿಲ್ಲ. ಇಂಗ್ಲಿಷಿನವರು ಇದಕ್ಕೆ ಎರಡು ಶಬ್ದ ಇಟ್ಟುಕೊಂಡಿದ್ದಾರೆ; ನಮಗೆ ಒಂದೇ ಸಾಕು, ಏಕೆಂದರೆ ಉಳಿದುದನ್ನು ಕಣ್ಣು ಹೇಳುತ್ತದೆ. ಸಾಲದುದಕ್ಕೆ “ಊಟವಾದ ಮೇಲೆ” ಎಂದು ಅದೇ ಶಬ್ದವನ್ನು ಕಾಲಕ್ಕೂ ಹಚ್ಚುತ್ತೇವೆ. ಚಪ್ಪಟೆಯಾದ ಚಿತ್ರದಲ್ಲಿ ತೂಗುವ ದೀಪವೂ ಇಟ್ಟ ದೀಪವೂ ಒಂದೇ ರೀತಿ ಕಾಣಬಹುದು. ಆಳವನ್ನು ಅಳೆದಾಗಲೇ ನಡುವಣ ತೆರಪು ಗೊತ್ತಾಗುವುದು. ಚಿತ್ರ-ಅಡಿಬರಹಗಳಿಂದ ಮಾತ್ರ ಕಲಿತ ಮಾದರಿಗಳು ಇಂಥ ಸಂಬಂಧಗಳಲ್ಲಿ ಎಷ್ಟು ದುರ್ಬಲವೆಂಬುದನ್ನು ೨೦೨೨ರಲ್ಲಿ ‘ವಿನೋಗ್ರೌಂಡ್’ ಎಂಬ ಪರೀಕ್ಷೆ ಬಯಲಿಗಿಟ್ಟಿತು. ಅದೇ ಪದಗಳು, ಕ್ರಮ ಮಾತ್ರ ಬೇರೆ. ಇದರ ಸುತ್ತ ಅದೋ, ಅದರ ಸುತ್ತ ಇದೋ? ಇಂಥ ೪೦೦ ಪ್ರಶ್ನೆಗಳ ಮುಂದೆ ಆ ಕಾಲದ ಹೆಸರುವಾಸಿ ಮಾದರಿಗಳು ಕಣ್ಣುಮುಚ್ಚಿ ಚೀಟಿ ಎತ್ತುವವರಿಗಿಂತ ಹೆಚ್ಚೇನೂ ಸಾಧಿಸಲಿಲ್ಲ.

ಆಳವನ್ನು ಅಳೆಯುವ ಸಾಮಗ್ರಿ ಕನ್ನ‌ಡದಲ್ಲಿ ಇಲ್ಲವೆಂದು ಇದರಿಂದ ಯಾರೂ ಭಾವಿಸಬೇಕಾಗಿಲ್ಲ. ದೂರದ್ದಕ್ಕೆ ‘ಅದು’, ಹತ್ತಿರದ್ದಕ್ಕೆ ‘ಇದು’ ನಮಗೆಲ್ಲ ಗೊತ್ತು. ಹಳಗನ್ನಡದಲ್ಲಿ ಇವೆರಡರ ನಡುವೆ ‘ಉದು’ ಎಂಬ ಮೂರನೆಯದೊಂದಿತ್ತು: ತೀರ ದೂರವೂ ಅಲ್ಲದ, ತೀರ ಹತ್ತಿರವೂ ಅಲ್ಲದ ವಸ್ತುವಿಗೆ. ಅವನ್, ಇವನ್, ಉವನ್ ಎಂದು ವ್ಯಕ್ತಿಗಳಿಗೂ ಹಾಗೆಯೇ. ಆಡುಮಾತಿನಿಂದ ಈ ನಡುವಣ ಮೆಟ್ಟಿಲು ಬಿದ್ದುಹೋಗಿ ಶತಮಾನಗಳೇ ಸಂದಿವೆ. ಯಂತ್ರದ ಕಣ್ಣಿಗೆ ಇಂದು ಬಲು ಪ್ರಯಾಸದಿಂದ ಕಲಿಸುತ್ತಿರುವ ಸಮೀಪ-ಮಧ್ಯಮ-ದೂರಗಳ ವಿವೇಕ ಒಂದಾನೊಂದು ಕಾಲದಲ್ಲಿ ನಮ್ಮ ಸರ್ವನಾಮಗಳಲ್ಲಿಯೇ ಇತ್ತು!

ಈ ಮಾತನ್ನು ಶಿಗ್ಲಿಯ ನೆಲದಲ್ಲಿ ನಿಂತು ಹೇಳುವುದಕ್ಕೆ ವಿಶೇಷವಾದ ಅರ್ಥವಿದೆ. ಹತ್ತಿರದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಕ್ರಿ. ಶ. ೮೫೦ರ ಸುಮಾರಿನ ‘ಕವಿರಾಜಮಾರ್ಗ’ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನೇ ಕನ್ನಡದ ತಿರುಳೆಂದು ಗುರುತಿಸಿತು. ೯೪೧ರ ಪಂಪ ತನ್ನ ಭಾರತವನ್ನು ರಚಿಸಿದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ತಾನೇ ಹೇಳಿಕೊಂಡ. ಅಂಥ ತಿರುಳಿನ ಸೀಮೆಯ ಅಜ್ಜಿಯೊಬ್ಬಳು ತನ್ನ ಮನೆಯಲ್ಲಿ ನಿಂತು ಯಂತ್ರಕ್ಕೆ ಆಡುವ ಮಾತು ‘ಪ್ರಮಾಣಭೂತ ಕನ್ನಡವಲ್ಲ’ ಎಂಬ ಕಾರಣದಿಂದ ತಿರಸ್ಕೃತವಾದರೆ, ಅದು ಪರಿಹಾಸ್ಯವೋ ಅನ್ಯಾಯವೋ ಎಂದು ತಿಳಿಯದಾಗುವುದು.

ತಿರಸ್ಕಾರಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ, ಲೆಕ್ಕಾಚಾರವೇ ಸಾಕು. ‘ಮಾಡದೊಳಗಿನದನ್ನು’ ಎಂಬ ಒಂದು ಕನ್ನಡ ಪದದಲ್ಲಿ ವಸ್ತು, ಸ್ಥಳ, ವಿಭಕ್ತಿ ಮೂರೂ ಅಡಗಿವೆ. ಇಂಗ್ಲಿಷಿನ ಅಳತೆಗೆ ಹೊಲಿದ ಭಾಷಾಮಾದರಿಗಳು ಇಂಥ ಪದವನ್ನು ಅರ್ಥವಿಲ್ಲದ ಎಷ್ಟೋ ಚೂರುಗಳಾಗಿ ಕತ್ತರಿಸುತ್ತವೆ; ಚೂರು ಹೆಚ್ಚಿದಂತೆ ವೆಚ್ಚವೂ ತಪ್ಪೂ ಹೆಚ್ಚುತ್ತವೆ. ಬೆಂಗಳೂರಿನ ‘ಸರ್ವಂ’ ಸಂಸ್ಥೆ ೨೦೨೪ರ ಅಕ್ಟೋಬರಿನಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆಂದು ಹೊರತಂದ ಮಾದರಿಯಲ್ಲಿ ಈ ಕತ್ತರಿಕೆಯನ್ನೇ ಮೊದಲು ತಿದ್ದಲು ಯತ್ನಿಸಿತು. ಅದು ಮಾತಿನ ಮಟ್ಟಿಗೆ.

ಮಾತನ್ನೂ ನೋಟವನ್ನೂ ಒಟ್ಟಿಗೆ ಹಿಡಿಯುವ ದಿಕ್ಕಿನಲ್ಲಿ ಕರ್ನಾಟಕದಿಂದಲೇ ಹೊರಟ ಒಂದು ಕೆಲಸ ‘ವಾಣಿ’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅದರ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ೨೦೨೨ರಲ್ಲಿ ಇದನ್ನು ಆರಂಭಿಸಿದರು. ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಸಾಮಾನ್ಯ ಜನರಿಗೆ ಒಂದೊಂದು ಚಿತ್ರ ತೋರಿಸಿ, ಅದರಲ್ಲಿ ಕಂಡುದನ್ನು ತಮ್ಮ ಮನೆಮಾತಿನಲ್ಲಿ ಹೇಳಿರೆಂದು ಕೇಳಿ, ಆ ಧ್ವನಿಯನ್ನು ಮುದ್ರಿಸಿಕೊಳ್ಳುವುದು ಅದರ ಕ್ರಮ. ಓದಿ ಹೇಳಿಸಿದರೆ ಪುಸ್ತಕದ ಭಾಷೆ ಬರುವುದು. ನೋಡಿ ಹೇಳಿಸಿದರೆ ಬಾಯಿಯ ಭಾಷೆ ಬರುವುದು. ಸಣ್ಣ ಯುಕ್ತಿಯಂತೆ ಕಂಡರೂ ಇದರ ಬೆಲೆ ದೊಡ್ಡದು. ಮೊದಲ ಹಂತದಲ್ಲಿ ಎಂಬತ್ತು ಜಿಲ್ಲೆಗಳು, ಸುಮಾರು ಎಂಬತ್ತು ಸಾವಿರ ಜನ, ಹದಿನಾಲ್ಕು ಸಾವಿರ ಗಂಟೆಗಳಿಗೂ ಮೀರಿದ ಮಾತು. ಕರ್ನಾಟಕದ ಜಿಲ್ಲೆಗಳೂ ಅದರಲ್ಲಿ ಸೇರಿದವು. ಯಾರು ಬೇಕಾದರೂ ಬಳಸಲೆಂದು ಇದನ್ನು ಬಿಟ್ಟುಕೊಟ್ಟಿರುವುದು ಇನ್ನೂ ಮೆಚ್ಚಬೇಕಾದ ಸಂಗತಿ. ಆದರೆ ವಾಣಿಯ ಚಿತ್ರಗಳು ಚಪ್ಪಟೆ. ಮನೆಯ ಆಳವನ್ನು ಅಳೆದು, ಅದೇ ಮನೆಯವರ ಬಾಯಿಂದ “ಇದು ಇಲ್ಲಿ, ಅದು ಅದರ ಹಿಂದೆ” ಎಂದು ಹೇಳಿಸಿ, ಎರಡನ್ನೂ ಜೋಡಿಸಿಟ್ಟ ಭಂಡಾರ ಕನ್ನಡಕ್ಕೆ ಬೇಕು. ಅದಕ್ಕೆ ಬಹುದೊಡ್ಡ ಯಂತ್ರಗಳು ಬೇಕಾಗಿಲ್ಲ. ಬೇಕಾದುದು ತಾಳ್ಮೆ, ಮನೆಯವರ ಅನುಮತಿ, ಊರ ಶಬ್ದವನ್ನು ತಿದ್ದದೆ ಬರೆದುಕೊಳ್ಳುವ ಸೌಜನ್ಯ. ಕನ್ನಡ ಎಂ. ಎ. ಮಾಡಿ ಉದ್ಯೋಗ ಅರಸುತ್ತಿರುವ ತರುಣ ತರುಣಿಯರಿಗೆ ಇದಕ್ಕಿಂತ ಯೋಗ್ಯವಾದ ಕ್ಷೇತ್ರಕಾರ್ಯ ಸಿಕ್ಕಲಾರದು.

ಮಾಡ, ನೆಲುವುಗಳೆಲ್ಲ ಹೇಗೂ ಮಾಯವಾಗುತ್ತಿರುವಾಗ ಇಷ್ಟೆಲ್ಲ ಶ್ರಮವೇಕೆ ಎಂದು ಕೇಳುವವರೂ ಇದ್ದಾರೆ. ಮಾಯವಾಗುವುದು ವಸ್ತು ಮಾತ್ರವಲ್ಲ. ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ, ಹಳೆಯ ಮನೆಗಳಲ್ಲಿ ಉಳಿದವರು ಮುದುಕರು. ಅವರಿಗೆ ಸಹಾಯ ಮಾಡಲೆಂದೇ ಇಂಥ ಯಂತ್ರಗಳು ಬರುತ್ತವೆಯೆಂದು ಹೇಳಲಾಗುತ್ತಿದೆ. ಎಪ್ಪತ್ತೈದರ ವಯಸ್ಸಿನಲ್ಲಿ, ಒಂದು ಚರಿಗೆ ನೀರು ಬೇಕಾದರೆ ತನ್ನ ಮಾತನ್ನೇ ಬದಲಾಯಿಸಿಕೊಳ್ಳೆಂದು ಆಕೆಗೆ ಹೇಳುವುದು ಯಾವ ನ್ಯಾಯ?

ಎಷ್ಟೇ ಕಲಿತರೂ ಯಂತ್ರಕ್ಕೆ ಸಂದೇಹಗಳು ಉಳಿದೇ ಉಳಿಯುವುವು. ಆಗ ಅದು ಏನು ಮಾಡಬೇಕೆಂಬುದನ್ನು ಕುರಿತು ೨೦೨೩ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಅನಿರುದ್ಧ ಮಜುಂದಾರ್ ಅವರ ತಂಡ ಗೂಗಲಿನವರೊಡನೆ ನಡೆಸಿದ ಪ್ರಯೋಗ ಬಹಳ ಉಪಯುಕ್ತವಾದದ್ದು. ಬಟ್ಟಲನ್ನು ಮೈಕ್ರೊವೇವ್ ಒಲೆಯಲ್ಲಿಡು ಎಂದು ಹೇಳಿ, ಮೇಜಿನ ಮೇಲೆ ಲೋಹದ್ದೊಂದು, ಪ್ಲಾಸ್ಟಿಕ್ಕಿನದೊಂದು ಬಟ್ಟಲಿಟ್ಟರೆ, ಯಂತ್ರ ತನ್ನ ಊಹೆಗಳಿಗೆ ಎಷ್ಟು ಭರವಸೆಯಿದೆಯೆಂದು ಲೆಕ್ಕ ಹಾಕುತ್ತದೆ. ಒಂದಕ್ಕಿಂತ ಹೆಚ್ಚು ಊಹೆಗಳು ಉಳಿದರೆ ಕೈ ಚಾಚುವುದಿಲ್ಲ, ಯಾವ ಬಟ್ಟಲು ಎಂದು ಕೇಳುತ್ತದೆ. ಮಾಡದಲ್ಲಿ ಕೆಂಪು ನೂಲಿನ ಎರಡು ಲಾಳಿಗಳಿದ್ದರೆ ಶಿಗ್ಲಿಯಲ್ಲಿಯೂ ಅದು ಹೀಗೆ ಕೇಳಬೇಕಾದೀತು. “ಅದಲ್ಲೋ ತಮ್ಮಾ, ಅದರ ಬಾಜೂಕಿಂದು” ಎಂದು ಅಜ್ಜಿ ಬೆರಳು ಮಾಡಿ ತೋರಿಸುವಳು. ಆ ಬೆರಳಿನ ತುದಿಯಿಂದ ಬಯಲಿನಲ್ಲಿ ಒಂದು ನೇರವಾದ ಗೆರೆಯನ್ನೆಳೆದು, ಅದು ಗೋಡೆಯ ಯಾವ ಚುಕ್ಕೆಗೆ ತಾಗುವುದೆಂದು ಆಳದ ಕಣ್ಣಿನಿಂದ ಕಂಡುಹಿಡಿದು, ‘ಬಾಜೂಕು’ ಎಂದರೆ ಯಾವ ಬದಿ ಎಂಬುದನ್ನು ಆಕೆ ಕುಳಿತಿರುವ ದಿಕ್ಕಿನಿಂದ ನಿರ್ಣಯಿಸುವ ಪ್ರಯೋಗಗಳು ಈಗ ನಡೆದಿವೆ.